ಅಪೂಲಿ ಎಂದು ಕರೆಯದ ಅಣ್ಣ

ನಮ್ಮ ಜನರಲ್ಲಿ ಮನುಷ್ಯನಿಗೆ ಎರಡು ಹೆಸರು. ಒಂದು ಹುಟ್ಟಿದಾಗ ಇಟ್ಟದ್ದು. ಅದು ಶಾಲೆಗೆ, ಕೋರ್ಟಿಗೆ, ಗೋರಿಯ ಮೇಲಿನ ಶಿಲುಬೆಗೆ. ಇನ್ನೊಂದು ಎಂಪಾಕೊ, ಕರೆಯುವ ಹೆಸರು. ಇರುವುದೇ ಹನ್ನೆರಡೋ ಏನೋ, ಸೀಮೆಗೆಲ್ಲ ಅವನ್ನೇ ಹಂಚಿಕೊಂಡಿದ್ದೇವೆ. ದಾರಿಯಲ್ಲಿ ಎದುರಾದವರನ್ನು, ಮನೆಗೆ ಬಂದವರನ್ನು, ಜಗಳವಾಡಿ ಮತ್ತೆ ಜಗಲಿಗೆ ಬಂದು ಕೂತವರನ್ನು ಆ ಹೆಸರಿನಿಂದಲೇ ಮಾತಾಡಿಸಬೇಕು. ನಾನು ಅಬ್ವೋಲಿ. ನನ್ನ ಗಂಡ ಅಪೂಲಿ. ಅವರ ಹುಟ್ಟು ಹೆಸರು ತಿಬಸೀಮ. ಒಡಹುಟ್ಟಿದವರು ಆ ಹೆಸರು ಹಿಡಿದು ಕರೆದರೆಂದರೆ ಬಾಗಿಲು ಮುಚ್ಚಿಕೊಂಡರೆಂದೇ ಅರ್ಥ. ನನ್ನ ಗಂಡನನ್ನು ಅವರ ಸ್ವಂತ ಅಣ್ಣ ಹನ್ನೊಂದು ವರ್ಷ ಒಮ್ಮೆಯೂ ತಪ್ಪದೆ ಹಾಗೇ ಕರೆದರು.

ಅಣ್ಣ ಎಂದರೆ ಅರಾಲಿ ಭಾವ. ಅವರ ಅಪ್ಪ ಸತ್ತಾಗ ನನ್ನ ಗಂಡನಿಗೆ ಆರು ವರ್ಷ, ಭಾವನಿಗೆ ಹದಿನೆಂಟು. ಭಾವನೇ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದರಂತೆ. ಉಣ್ಣಿಸಿದ್ದು, ಬೈದದ್ದು, ನನ್ನನ್ನು ನೋಡಲು ನಮ್ಮಪ್ಪನ ಮನೆಗೆ ಬಂದು ಮಾತು ಮುಗಿಸಿದ್ದು, ಎಲ್ಲ ಭಾವನೇ. ಉರುಳು ಕಟ್ಟುವುದನ್ನು ಕಲಿಸಿದ್ದೂ ಅವರೇ. ಸೈಕಲ್ಲಿನ ಬ್ರೇಕ್ ತಂತಿ, ಬಗ್ಗಿಸಿದರೆ ಚಿಮ್ಮುವ ಒಂದು ಎಳೆಯ ಮರ, ಮೇಲೆ ನಾಲ್ಕು ತರಗೆಲೆ. ಮೊಣಕಾಲೆತ್ತರದ ಕಾಡುಜಿಂಕೆಗೆ, ಕಾಡುಹಂದಿಗೆ ಅದು. ಒಂದೊಂದು ಮನೆಯವರ ಗಂಟು ಒಂದೊಂದು ತರ. ನನ್ನ ಗಂಡನ ಮನೆಯವರು ತಂತಿಯನ್ನು ಮೂರು ಸುತ್ತು ಹೊಸೆದು ತುದಿಯನ್ನು ಒಳಕ್ಕೆ ಮಡಚುತ್ತಿದ್ದರು. ಕಟ್ಟುವವನ ಬೆರಳು ಗೀಚಬಾರದೆಂದು ಅವರ ಅಜ್ಜ ಕಂಡುಕೊಂಡ ಉಪಾಯವಂತೆ.

ಚಿಂಪಾಂಜಿಯನ್ನು ನಾವು ತಿನ್ನುವುದಿಲ್ಲ. ಅದರ ಅಂಗೈ ನೋಡಿದವರು ಯಾರು ತಿಂದಾರು? ಆದರೆ ಉರುಳಿಗೆ ಅದು ಗೊತ್ತಾಗಬೇಕಲ್ಲ. ಜಿಂಕೆಗೆಂದು ಒಡ್ಡಿದ್ದರಲ್ಲಿ ಚಿಂಪಾಂಜಿ ಕೈಯಿಡುತ್ತದೆ. ಅದಕ್ಕೆ ಬಲ ಜಾಸ್ತಿ, ಮರವನ್ನೇ ಕಿತ್ತುಕೊಂಡು ಓಡುತ್ತದೆ. ತಂತಿ ಮಾತ್ರ ಮಣಿಕಟ್ಟಿನಲ್ಲಿ ಉಳಿದು ದಿನಕ್ಕಿಷ್ಟು ಒಳಗಿಳಿಯುತ್ತದೆ.

ನನಗೆ ಎರಡನೇ ಮಗಳು ಹುಟ್ಟಿದ ವರ್ಷ ಕಾಡಿನ ಕಚೇರಿಯವರು ಊರಿಗೆ ಬಂದು, ಉರುಳು ಬಲ್ಲವರು ಬೇಕು, ಹುಡುಕಿ ಬಿಚ್ಚುವ ಕೆಲಸಕ್ಕೆ, ಎಂದು ಕೇಳಿದರು. ಎಲ್ಲರೂ ನೆಲ ನೋಡುತ್ತ ನಿಂತರು. ಬಲ್ಲೆ ಎಂದರೆ ಕದ್ದು ಬೇಟೆಯಾಡುವುದನ್ನು ಒಪ್ಪಿಕೊಂಡ ಹಾಗಲ್ಲವೇ! ನನ್ನ ಗಂಡ ಮಾತ್ರ ಕೈ ಎತ್ತಿದರು. ಯಾಕೆ ಎಂದು ಆಮೇಲೆ ಕೇಳಿದೆ.

"ಮೂರು ವರ್ಷದ ಹಿಂದೆ ನನ್ನ ಉರುಳಿಗೆ ಒಂದು ಚಿಂಪಾಂಜಿ ಮರಿ ಬಿದ್ದಿತ್ತು ಅಬ್ವೋಲಿ. ನಾನು ಹೋಗೋ ಹೊತ್ತಿಗೆ ಸತ್ತಿತ್ತು. ಅದರ ತಾಯಿ ಪಕ್ಕದಲ್ಲಿ ಕೂತು ನೊಣ ಓಡಿಸ್ತಿತ್ತು."

ಮೂರು ವರ್ಷ ಅದನ್ನು ನನಗೆ ಹೇಳಿರಲಿಲ್ಲ. ಹಾಗಿದ್ದರು ಅವರು.

ಅರಾಲಿ ಭಾವ ಮೊದಲು ನಕ್ಕರು. ನಮ್ಮ ಅಂಗಳದಲ್ಲಿ ಕೂತು ಬಾಳೆಹಣ್ಣಿನ ಹೆಂಡ ಹೀರುತ್ತ, "ಬೆಕ್ಕನ್ನ ಹಾಲಿಗೆ ಕಾವಲು ಇಟ್ಟಿದಾರೆ ಕಣಮ್ಮ ಅಬ್ವೋಲಿ. ಲೋ ಅಪೂಲಿ, ನನ್ನ ತಂತಿ ಸಿಕ್ಕಿದ್ರೆ ಏನ್ ಮಾಡ್ತೀಯೋ?" ಎಂದರು.

"ಹೊಳೆಯಿಂದ ಆಚೆಗೆ ಹಾಕ್ಬೇಡ ಅಣ್ಣ. ಆ ಕಡೆ ಅವು ಜಾಸ್ತಿ."

"ಹಾಕಲ್ಲ ಹೋಗು. ಈಚೆಗೆ ಹಾಕಿದ್ರೆ?"

"ಈಚೆ ಕಡೆ ನನ್ನ ಕಣ್ಣು ಸ್ವಲ್ಪ ಮಂಜು."

ಇಬ್ಬರೂ ನಕ್ಕರು. ಒಪ್ಪಂದ ಅಷ್ಟೇ. ಏಳು ವರ್ಷ ಅದು ನಡೆಯಿತು.

ಎಂಟನೆಯ ವರ್ಷ ಹೊಳೆಯ ಆಚೆ ಒಂದು ಹೆಣ್ಣು ಚಿಂಪಾಂಜಿಯ ಎಡಗೈಗೆ ಉರುಳು ಬಿತ್ತು. ಅದರ ಹೊಟ್ಟೆಗೆ ಅಂಟಿಕೊಂಡ ಮರಿಯೂ ಇತ್ತು. ನನ್ನ ಗಂಡ ಒಂಬತ್ತು ದಿನ ಅದರ ಹಿಂದೆ ಅಲೆದರು. ಬೆಳಕು ಹರಿಯುವ ಮೊದಲೇ ಹೋಗುತ್ತಿದ್ದರು, ಅದು ಮರದ ಮೇಲೆ ಎಲೆಹಾಸು ಮಾಡಿಕೊಂಡು ಮಲಗಿದ ಮೇಲೆ ಬರುತ್ತಿದ್ದರು. ಹತ್ತನೆಯ ದಿನ ಪಶುವೈದ್ಯರು ಬಂದು ಮದ್ದಿನ ಸೂಜಿ ಹೊಡೆದು, ಅದು ಮಂಪರಿಗೆ ಜಾರಿದಾಗ ತಂತಿ ಕತ್ತರಿಸಿದರು. ಮರಿಯನ್ನು ಅಷ್ಟು ಹೊತ್ತು ಹಿಡಿದುಕೊಂಡಿದ್ದವರು ಇವರೇ. ಅದು ಕಚ್ಚಿದ ಗುರುತು ಕೊನೆಯವರೆಗೂ ಹೆಬ್ಬೆರಳಿನಲ್ಲಿತ್ತು.

ಕತ್ತರಿಸಿ ಬಿಸಾಡಿದ ತಂತಿಯನ್ನು ಎತ್ತಿಕೊಂಡವರೂ ಇವರೇ. ಮೂರು ಸುತ್ತು, ತುದಿ ಒಳಕ್ಕೆ.

ವೈದ್ಯರು ತಂತಿ ಎಲ್ಲಿ ಎಂದು ಕೇಳಿದಾಗ ಹುಲ್ಲಿನಲ್ಲಿ ಎಲ್ಲೋ ಬಿತ್ತು ಎಂದರಂತೆ. ಅದು ಅವರು ಹೇಳಿದ ಸುಳ್ಳು. ಆಮೇಲೆ ಮಾಡಿದ್ದು ಅವರ ತಪ್ಪು.

ನಮ್ಮ ಬೇಟೆಯವರಲ್ಲಿ ಒಂದು ಕಟ್ಟಳೆ ಇದೆ. ಇನ್ನೊಬ್ಬನ ಉರುಳನ್ನು ಮುಟ್ಟಬಾರದು. ಮುಟ್ಟಲೇಬೇಕಾಗಿ ಬಂದರೆ ತಂತಿಯನ್ನು ಬಳೆಯ ಹಾಗೆ ಸುತ್ತಿ ಅದರ ಯಜಮಾನನ ಹೊಸ್ತಿಲ ಮೇಲಿಟ್ಟು ಬರಬೇಕು. ನಾನು ಬಿಚ್ಚಿದೆ, ಆದರೆ ಕದಿಯಲಿಲ್ಲ ಎಂದು ಅದರರ್ಥ. ಅಲ್ಲಿಗೆ ಇಬ್ಬರ ನಡುವಿನ ಲೆಕ್ಕ ಮುಗಿಯಿತು. ಮರುದಿನ ಕೋಳಿ ಕೂಗುವ ಹೊತ್ತಿಗೆ ನನ್ನ ಗಂಡ ಆ ತಂತಿಯನ್ನು ಸುತ್ತಿ ಭಾವನ ಹೊಸ್ತಿಲ ಮೇಲಿಟ್ಟು ಕೆಲಸಕ್ಕೆ ಹೋದರು. ಕಚೇರಿಗೆ ಕೊಟ್ಟರೆ ಅಣ್ಣ ಜೈಲಿಗೆ ಹೋಗುತ್ತಾನೆ, ಎಸೆದುಬಿಟ್ಟರೆ ಅಣ್ಣನಿಗೆ ಬುದ್ಧಿ ಬರುವುದಿಲ್ಲ. ಅಪ್ಪನ ಕಾಲದ ದಾರಿಯೇ ಸರಿ ಎಂದುಕೊಂಡರು.

ಆ ಬೆಳಿಗ್ಗೆಯೇ ಕಾಡಿನ ಕಾವಲಿನವರು ಮನೆ ಮನೆ ಹುಡುಕಿಕೊಂಡು ಬರುತ್ತಾರೆಂದು ಇವರಿಗೆ ಯಾರೂ ಹೇಳಿರಲಿಲ್ಲ. ಇವರಿಗೆ ಉರುಳು ಹಾಕುವ ಅಣ್ಣ ಇದ್ದಾನೆಂಬ ಕಾರಣಕ್ಕೇ ಹೇಳಿರಲಿಲ್ಲ. ಭಾವ ಎದ್ದು ಬಾಗಿಲು ತೆರೆದಾಗ ಎದುರಿಗೆ ಮೂವರು ಕಾವಲಿನವರು, ಕಾಲ ಬಳಿ ಒಣಗಿದ ರಕ್ತ, ಕಪ್ಪು ಕೂದಲು ಅಂಟಿದ್ದ ತಂತಿ. ಭಾವನ ಹೆಂಡತಿ ಅದ್ಯೇರಿ ಹಿತ್ತಲಿನಿಂದ ಓಡಿ ಬರುವಷ್ಟರಲ್ಲಿ ಕೈಗೆ ಬೇಡಿ ಬಿದ್ದಿತ್ತು.

ಮಸಿಂದಿ ಪಟ್ಟಣದ ಜೈಲಿನಲ್ಲಿ ಆರು ತಿಂಗಳು. ನನ್ನ ಗಂಡ ಪ್ರತಿ ಭಾನುವಾರ ಮರಗೆಣಸು, ಹುರಿದ ಕಡಲೆಕಾಯಿ ಕಟ್ಟಿಕೊಂಡು ಹೋಗುತ್ತಿದ್ದರು. ಗಂಟು ಒಳಗೆ ಹೋಗುತ್ತಿತ್ತು. ಭಾವ ಹೊರಗೆ ಬರುತ್ತಿರಲಿಲ್ಲ.

ಬಿಟ್ಟ ದಿನ ನಾವಿಬ್ಬರೂ ಅವರ ಮನೆಗೆ ಹೋದೆವು. ಭಾವ ಜಗಲಿಯಲ್ಲಿ ಕೂತಿದ್ದರು, ತೆಳ್ಳಗಾಗಿದ್ದರು, ಹೊಸದೊಂದು ಕೆಮ್ಮು ಹತ್ತಿತ್ತು. ನನ್ನನ್ನು ನೋಡಿ, "ಬಾರಮ್ಮ ಅಬ್ವೋಲಿ, ಮಕ್ಕಳು ಹೇಗಿದಾರೆ?" ಎಂದರು. ಆಮೇಲೆ ಇವರ ಕಡೆ ತಿರುಗಿ, "ಕೂತ್ಕೊ ತಿಬಸೀಮ" ಎಂದರು.

ಅದ್ಯೇರಿ ನೀರಿನ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

ನನ್ನ ಗಂಡ ಕೂರಲಿಲ್ಲ. "ಅಣ್ಣ, ಅವರು ಬರ್ತಾರೆ ಅಂತ ನಂಗೆ ಗೊತ್ತಿರಲಿಲ್ಲ. ಅಪ್ಪನ ಕಾಲದ ಕಟ್ಟಳೆ ಹಾಗೆ ತಂದಿಟ್ಟೆ."

"ಗೊತ್ತು."

"ಗೊತ್ತಾ?"

"ಸಿಕ್ಕಿಸೋಕೆ ಇಡೋನು ಅಷ್ಟು ಚೆನ್ನಾಗಿ ಸುತ್ತಲ್ಲ. ನೋಡಿದ ತಕ್ಷಣ ಗೊತ್ತಾಯ್ತು."

"ಮತ್ತೆ?"

"ಮತ್ತೆ ಏನೂ ಇಲ್ಲ ತಿಬಸೀಮ. ಆರು ತಿಂಗಳು ಆರು ತಿಂಗಳೇ. ನೀರು ಕುಡಿ."

ಹೊಡೆದಿದ್ದರೆ, ಬೈದಿದ್ದರೆ ವಾಸಿಯಿತ್ತು. ಭಾವ ಯಾವ ಕರ್ತವ್ಯವನ್ನೂ ಬಿಡಲಿಲ್ಲ. ನಮ್ಮ ಮಾಡು ಗಾಳಿಗೆ ಹಾರಿದಾಗ ಹುಲ್ಲಿನ ಹೊರೆ ಹೊತ್ತುಕೊಂಡು ಬಂದರು. ಹಿರಿಮಗಳ ಮದುವೆಯ ಮಾತಿಗೆ ಗಂಡಿನವರು ಬಂದಾಗ, ಪದ್ಧತಿಯಂತೆ ದೊಡ್ಡಪ್ಪನಾಗಿ ಎದ್ದು ನಿಂತು ನಮ್ಮ ಕಡೆಯ ಮಾತೆಲ್ಲ ಆಡಿದರು. ಎಂತಹ ಮಾತುಗಾರ! ಗಂಡಿನ ಕಡೆಯ ಮುದುಕರೇ ತಲೆದೂಗಿದರು. ಕೊನೆಗೆ, "ಈ ಹುಡುಗಿಯ ತಂದೆ, ನನ್ನ ತಮ್ಮ, ತಿಬಸೀಮ" ಎಂದು ಕೈ ತೋರಿಸಿದರು. ಚಪ್ಪರದಡಿ ಗದ್ದಲ ನಿಂತುಹೋಯಿತು. ನನ್ನ ಗಂಡ ಎದ್ದು, ಎರಡೂ ಕೈ ಜೋಡಿಸಿ ಬಂದವರಿಗೆ ನಮಸ್ಕಾರ ಮಾಡಿ ಕೂತರು. ಕಿವಿ ಮಾತ್ರ ಕೆಂಡದ ಹಾಗಾಗಿತ್ತು.

ಅಣ್ಣ ಕರೆಯದ ಮೇಲೆ ಊರೂ ನಿಧಾನಕ್ಕೆ ಬಿಟ್ಟಿತು. ಯಾರೂ ಹೊಡೆದಾಡಲಿಲ್ಲ. ಹೆಂಡದ ಗಡಿಗೆಯ ಸುತ್ತ ಇವರು ಬಂದು ಕೂತರೆ ಇಬ್ಬರಿಗೆ ಮನೆಯ ಕೆಲಸ ನೆನಪಾಗುತ್ತಿತ್ತು, ಅಷ್ಟೇ. ಬಾವಿಯ ಬಳಿ ಹೆಂಗಸರು ನನ್ನನ್ನು ಕೆಣಕುತ್ತಿದ್ದರು.

"ಅಬ್ವೋಲಿ, ನಿನ್ನ ಸವತಿ ಹೇಗಿದಾಳೆ? ಕಾಡಿನವಳು?"

"ನನಗಿಂತ ವಾಸಿ ಕಣ್ರೇ. ಬಟ್ಟೆ ಕೇಳಲ್ಲ, ಎಣ್ಣೆ ಕೇಳಲ್ಲ."

"ಒಂದೇ ಕೈಯಂತೆ. ಅಡುಗೆ ಹೇಗೆ ಮಾಡ್ತಾಳೆ?"

"ಎರಡು ಕೈಯಿದ್ದೋರು ಮಾಡೋದನ್ನ ನೋಡಿದೀನಲ್ಲ ಈ ಊರಲ್ಲಿ" ಎಂದು ಕೊಡ ತಲೆಗೇರಿಸಿಕೊಂಡು ಬರುತ್ತಿದ್ದೆ. ಅರ್ಧ ದಾರಿ ಬಂದ ಮೇಲೆ ಕಣ್ಣೀರು ಬರುತ್ತಿತ್ತು.

ಸವತಿ ಎಂದದ್ದು ಪೂರಾ ಸುಳ್ಳೂ ಅಲ್ಲ. ಆ ಚಿಂಪಾಂಜಿಯ ಎಡಗೈ ಒಣಗಿ ಉದುರಿಹೋಯಿತು, ಜೀವ ಉಳಿಯಿತು. ಅದರ ಸುದ್ದಿಯಿಲ್ಲದೆ ಇವರಿಗೆ ಊಟ ಇಳಿಯುತ್ತಿರಲಿಲ್ಲ. ಇವತ್ತು ಅತ್ತಿಮರ ಹತ್ತಿದಳು, ಮೊಣಕೈಯಲ್ಲಿ ಕೊಂಬೆ ತಬ್ಬಿಕೊಂಡಳು, ಮರಿಗೆ ಹೇನು ಹೆಕ್ಕುವುದಕ್ಕೆ ತುಟಿ ಕಲಿತಿದ್ದಾಳೆ. ಒಮ್ಮೆ ನನಗೆ ರೇಗಿತು.

"ಅಷ್ಟು ಪ್ರೀತಿ ಇದ್ರೆ ಒಂದು ಹೆಸರಿಟ್ಟು ಕರೀರಿ."

"ಕರೀಬಾರದು" ಎಂದರು ನಿಧಾನವಾಗಿ. "ಕರೆದರೆ ಬರ್ತಾಳೆ. ನನ್ನ ಹತ್ರ ಬಂದೋಳು ನಾಳೆ ಇನ್ನೊಬ್ಬನ ಹತ್ರಾನೂ ಹೋಗ್ತಾಳೆ. ಅವನ ಕೈಯಲ್ಲಿ ಏನಿರುತ್ತೋ? ಅವಳಿಗೆ ನನ್ನ ಕಂಡರೆ ಭಯ ಇರಬೇಕು ಅಬ್ವೋಲಿ. ಅದೇ ನನ್ನ ಕೆಲಸ."

ಅವರ ಕೆಲಸ ಅಂಥದ್ದು. ಹತ್ತಿರ ಹೋಗಬಾರದು, ಒಂದು ಹಣ್ಣು ಕೊಡಬಾರದು, ಅವುಗಳ ಮುಂದೆ ತಿನ್ನಬಾರದು. ನಮ್ಮ ನೆಗಡಿ ಅವುಗಳಿಗೆ ಹತ್ತಿದರೆ ಸಾಯುತ್ತವಂತೆ. ಒಂದು ಸೀನು ಬಂದರೂ ಇವರು ವಾರಗಟ್ಟಲೆ ಮನೆಯಲ್ಲಿ ಕೂತು ಕಾಡಿನ ಕಡೆ ಮುಖ ಮಾಡಿಕೊಂಡಿರುತ್ತಿದ್ದರು. ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಉರುಳು ಬಿಚ್ಚಿದರೋ, ಎಷ್ಟು ಕೈಕಾಲು ಉಳಿಸಿದರೋ. ಅವುಗಳಲ್ಲಿ ಒಂದಕ್ಕೂ ಇವರ ಗುರುತಿರಲಿಲ್ಲ. ಸಂಜೆ ಮನೆಗೆ ಬಂದಾಗ ಅಂಗಳದ ಅಂಚಿನಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ನಾನು ಒಳಗಿನಿಂದ, "ಬಂದಿರಾ ಅಪೂಲಿ?" ಎನ್ನಬೇಕು. ಆಮೇಲೆಯೇ ಒಳಗೆ ಕಾಲಿಡುತ್ತಿದ್ದರು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋದ ಮೇಲೆ ಆ ಹೆಸರು ಬದುಕಿದ್ದದ್ದು ನನ್ನೊಬ್ಬಳ ಬಾಯಲ್ಲಿ. ಒಮ್ಮೆ ನನಗೆ ಗಂಟಲು ಕಟ್ಟಿ ನಾಲ್ಕು ದಿನ ಮಾತೇ ಹೊರಡಲಿಲ್ಲ. ಐದನೆಯ ದಿನ, "ಇವತ್ತಾದ್ರೂ ಒಂದು ಸಲ ಕರಿಯೇ" ಎಂದು ನಗುತ್ತಲೇ ಕೇಳಿದರು. ಆ ನಗು ನನಗೆ ಇಷ್ಟವಾಗಲಿಲ್ಲ.

"ಅಣ್ಣನ ಕಾಲು ಹಿಡಿದು ಕೇಳಿಬಿಡಿ" ಎಂದೆ ಒಂದು ದಿನ.

"ಕೇಳಿಸ್ಕೊಂಡು ಕರೆದರೆ ಅದು ಕರೆದ ಹಾಗಲ್ಲ" ಎಂದರು.

ಹೀಗೆ ಹನ್ನೊಂದು ವರ್ಷ. ಕಾಡಿನಂಚಿನ ತೋಪುಗಳನ್ನೆಲ್ಲ ಕಡಿದು ಜನ ಕಬ್ಬು ಹಾಕಿದರು. ಕಾಡಿನಲ್ಲಿ ಹಣ್ಣು ಕಡಿಮೆಯಾಯಿತು. ಚಿಂಪಾಂಜಿಗಳು ಊರಿನ ಹಲಸಿನ ಮರಗಳಿಗೆ ಬರತೊಡಗಿದವು. ಭಾವನ ಹಿತ್ತಲಿನಲ್ಲಿ ಒಂದು ದೊಡ್ಡ ಹಲಸಿನ ಮರವಿತ್ತು.

ಆವತ್ತು ಅದ್ಯೇರಿಯ ಮನೆಯಲ್ಲಿ ಮರಗೆಣಸು ಹೆಚ್ಚಿ ಒಣಗಿಸುವುದಿತ್ತು, ಕೈ ಕೂಡಿಸಲು ನಾನು ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಚಾಪೆಯ ಮೇಲೆ ಹರಡುತ್ತಿದ್ದ ಅದ್ಯೇರಿ ನನ್ನ ಕೈ ಹಿಡಿದು, "ಅಲ್ನೋಡು" ಎಂದಳು. ಮರದ ಬುಡದಲ್ಲಿ ಒಂದು ಹೆಣ್ಣು ಚಿಂಪಾಂಜಿ ಕೂತಿತ್ತು. ಕೆಳಗೆ ಬಿದ್ದ ಹಲಸಿನಹಣ್ಣನ್ನು ಎಡಗೈಯ ಮೋಟಿನಿಂದ ನೆಲಕ್ಕೆ ಒತ್ತಿ ಹಿಡಿದು ಬಲಗೈಯಲ್ಲಿ ತೊಳೆ ಬಿಡಿಸುತ್ತಿತ್ತು. ಬೆನ್ನಿಗೆ ಒಂದು ಪುಟ್ಟ ಮರಿ. ಹನ್ನೊಂದು ವರ್ಷ ನಾನು ಅನ್ನದ ಜೊತೆ ಕೇಳಿದ ಜೀವವನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ನನಗೆ ನಾಚಿಕೆಯೂ ಆಯಿತು, ಏಕೋ ಗೊತ್ತಿಲ್ಲ.

ಅದರ ಹಿಂದೆ ಕಬ್ಬಿನ ಸಾಲಿನಲ್ಲಿ ನನ್ನ ಗಂಡ ನಿಂತಿದ್ದರು. ಅದನ್ನು ಹಿಂಬಾಲಿಸಿ ಬಂದವರು, ಅಣ್ಣನ ಹಿತ್ತಲೆಂದು ಕಂಡು ಒಳಗೆ ಕಾಲಿಡದೆ ನಿಂತಿದ್ದರು. ಜಗಲಿಯಲ್ಲಿ ಭಾವ. ಅವರ ಕಣ್ಣು ಆ ಮೋಟಿನ ಮೇಲೆಯೇ ಇತ್ತು. ತೊಳೆ ಬಿಡಿಸುವ ಸದ್ದು ಕೇಳುತ್ತಿತ್ತು.

ಭಾವನ ಬೇಟೆನಾಯಿಯನ್ನು ಬೆಳಿಗ್ಗೆಯಿಂದ ಕಂಬಕ್ಕೆ ಕಟ್ಟಿದ್ದರು. ಮುದಿನಾಯಿ, ಆದರೆ ಮೂಗು ಮುದಿಯಾಗಿರಲಿಲ್ಲ. ವಾಸನೆ ಬಡಿದದ್ದೇ ಎಗರಿತು, ಜೀರ್ಣವಾಗಿದ್ದ ಹಗ್ಗ ಪಟ್ಟೆಂದು ಹರಿಯಿತು. ಕೊರಳಿನ ಮರದ ಗಂಟೆ ಕಟಕಟ ಬಡಿದುಕೊಂಡು ಅದು ನೇರ ಮರಿಯ ಕಡೆ ಓಡಿತು. ಭಾವ ಎದ್ದರು, ಮೊಣಕಾಲು ಕೈಕೊಟ್ಟಿತು, ಜಗಲಿಯ ಕಂಬ ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದರು.

"ಅಪೂಲಿ! ನಾಯಿ ಹಿಡಿ! ಹಿಡಿಯೋ ಅಪೂಲಿ!"

ನನ್ನ ಗಂಡ ಕಬ್ಬಿನಿಂದ ಹಾರಿ ನಾಯಿಯ ಮೇಲೆ ಬಿದ್ದರು. ಎರಡೂ ಕೈಯಲ್ಲಿ ತಬ್ಬಿಕೊಂಡು ಮಣ್ಣಿನಲ್ಲಿ ಉರುಳಾಡಿದರು. ನಾಯಿ ತೋಳಿಗೆ ಬಾಯಿ ಹಾಕಿತು, ಬಿಡಲಿಲ್ಲ ಇವರು. ಚಿಂಪಾಂಜಿ ಕಿರುಚಿ, ಮರಿಯನ್ನು ಮೋಟಿನಲ್ಲಿ ಅವುಚಿಕೊಂಡು, ಮೂರು ಕಾಲಿನಲ್ಲಿ ಕಬ್ಬು ಸೀಳಿಕೊಂಡು ಹೋಯಿತು. ತಿರುಗಿಯೂ ನೋಡಲಿಲ್ಲ.

ಅದ್ಯೇರಿ ಬೇರೊಂದು ಹಗ್ಗ ತಂದು ನಾಯಿಯನ್ನು ಕಟ್ಟಿದಳು. ನನ್ನ ಗಂಡ ಮಣ್ಣಿನಲ್ಲೇ ಕೂತು ಅಣ್ಣನನ್ನು ನೋಡುತ್ತಿದ್ದರು. ತೋಳಿನಿಂದ ರಕ್ತ ಸುರಿಯುತ್ತಿದ್ದದ್ದು ಅವರಿಗೆ ತಿಳಿದೇ ಇರಲಿಲ್ಲ. ಮುಖ ಮಾತ್ರ ಚಿಕ್ಕ ಹುಡುಗನ ಮುಖವಾಗಿತ್ತು.

ಭಾವ ಕೆಳಗೆ ನೋಡಿದರು. ಕೆಮ್ಮಿದರು. ಆಮೇಲೆ, "ಕೈ ತೊಳ್ಕೊ ತಿಬಸೀಮ, ಬಾಲ್ದೀಲಿ ನೀರಿದೆ" ಎಂದು ಒಳಗೆ ಹೋದರು.

ತೋಳಿಗೆ ಬಟ್ಟೆ ಸುತ್ತಿಕೊಂಡು ಇವರು ನನ್ನ ಜೊತೆ ಮನೆಗೆ ಬಂದರು. ಅಂಗಳದ ಅಂಚಿನಲ್ಲಿ ನಿಂತರು. ನಾನು ಎಂದಿನ ಹಾಗೆ ಕರೆಯಲು ಬಾಯಿ ತೆರೆದೆ.

"ಇವತ್ತು ಬೇಡ ಅಬ್ವೋಲಿ" ಎಂದರು. "ಇವತ್ತಿಗೆ ಅದು ಸಾಕು."

"ಬಾಯಿ ತಪ್ಪಿ ಬಂದದ್ದು ಅದು. ಆಮೇಲೆ ಮತ್ತೆ ತಿಬಸೀಮ ಅಂದ್ರಲ್ಲ" ಎಂದೆ. ಅನ್ನಬಾರದಿತ್ತು. ಆದರೆ ಹನ್ನೊಂದು ವರ್ಷದ ಸಿಟ್ಟು ನನ್ನದೂ ಇತ್ತು.

"ಬಾಯಿ ತಪ್ಪಬೇಕಾದ್ರೆ ಅದು ಒಳಗೆ ಇರಬೇಕಲ್ಲೇ" ಎಂದರು.

ಆಮೇಲೆ ಅವರು ಎರಡು ವರ್ಷ ಬದುಕಿದರು. ಭಾವ ಮತ್ತೆ ಆ ಹೆಸರು ಎತ್ತಲಿಲ್ಲ, ಇವರೂ ಕಾಯಲಿಲ್ಲ. ಕಾಮಾಲೆ ಬಂತು, ಮಳೆಗಾಲ ಮುಗಿಯುವ ಮೊದಲೇ ಹೋದರು. ಭಾವ ಗುಂಡಿ ತೋಡುವಲ್ಲಿ ನಿಂತು ಎಲ್ಲ ನೋಡಿಕೊಂಡರು. ಯಾವ ಹೆಸರನ್ನೂ ಹೇಳಲಿಲ್ಲ. "ಅವನು" ಎಂದೇ ಅಂದರು. ಶಿಲುಬೆಯ ಮೇಲೆ ತಿಬಸೀಮ ಎಂದು ಬರೆಸಿದ್ದೇವೆ, ಅದು ಪದ್ಧತಿ.

ಸೂತಕ ಕಳೆದು ಜನರೆಲ್ಲ ಹೋದ ಮೇಲೆ ಒಂದು ಸಂಜೆ ಭಾವ ಕೋಲೂರಿಕೊಂಡು ಬಂದರು. ಜಗಲಿಯಲ್ಲಿ ಕೂತರು. ಆಮೇಲೆ ಕೋಲಿನಿಂದ ನೆಲ ಕೆದಕುತ್ತ, "ಅಬ್ವೋಲಿ, ಆವತ್ತು ಅವನಿಗೆ ಕೇಳಿಸ್ತಾ?" ಎಂದರು.

ಏನೆಂದು ನನಗೆ ತಿಳಿಯಿತು. ಆದರೂ, "ಏನು ಭಾವ?" ಎಂದೆ.

"ಅದೇ. ನಾಯಿ ಹಗ್ಗ ಹರ್ಕೊಂಡಾಗ ನಾನು ಕೂಗಿದ್ದು."

"ಏನಂತ ಕೂಗಿದಿರಿ?"

ಭಾವ ಬಾಯಿ ತೆರೆದರು, ಮುಚ್ಚಿದರು. ನಾನು ಎದ್ದು ಒಲೆಯ ಮುಂದೆ ಹೋಗಿ ಕೂತೆ. ಹೇಳಲಿಲ್ಲ. ಅವರು ಎದ್ದು ಹೋಗುವ ಕೋಲಿನ ಸದ್ದು ಕೇಳಿಸಿತು, ಆದರೂ ಹೇಳಲಿಲ್ಲ.

ಆ ವಾರವೆಲ್ಲ ನನ್ನೊಬ್ಬಳಿಗೇ ಮುದ್ದೆ ತೊಳಸಿದೆ. ಮನೆಯಲ್ಲಿ ಯಾರೂ ಇಲ್ಲ, ಕರೆಯುವುದಕ್ಕೂ ಯಾರೂ ಇಲ್ಲ, ನನ್ನನ್ನು ಕರೆಯುವವರೂ ಇಲ್ಲ. ಎಂಟನೆಯ ದಿನ ಸೆರಗು ಸುತ್ತಿಕೊಂಡು ಹೊರಟೆ. ಭಾವ ಜಗಲಿಯಲ್ಲಿ ಒಬ್ಬರೇ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ನಾನು ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡೆ.

"ಕೇಳಿಸಿತ್ತು ಭಾವ" ಎಂದೆ. "ಆವತ್ತು ನನ್ನನ್ನೂ ಕರೆಯೋಕೆ ಬಿಡಲಿಲ್ಲ. ಇವತ್ತಿಗೆ ಅದು ಸಾಕು ಅಂದ್ರು."

ಭಾವನ ಕೈ ನಿಂತಿತು. ಒಂದು ಕಾಳು ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಹುಡುಕುವ ಹಾಗೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು.

"ಅಪೂಲಿಗೆ ಚಿಕ್ಕಂದಿನಿಂದ ನಾಯಿ ಅಂದ್ರೆ ಭಯ" ಎಂದರು ನೆಲ ನೋಡುತ್ತಲೇ. "ನಾಯಿ ಬೇಟೆಗೆ ಬರ್ತಾನೇ ಇರಲಿಲ್ಲ ಅವನು. ಅದಕ್ಕೇ ಅಪೂಲಿಗೆ ಉರುಳು ಕಲಿಸಿದ್ದು ನಾನು."

ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದು ಗೊತ್ತಿರಲಿಲ್ಲ. ನಾನು ಇನ್ನೊಂದು ಹಿಡಿ ಕಾಳು ತೆಗೆದುಕೊಂಡೆ. ಭಾವ ಹೇಳುತ್ತ ಹೋದರು.